ಕರಿ ಉಣ್ಣೆಯ ಸಾಲಿ

1884 ನಮ್ಮ ಸೀಮೆಯ ಕಂಬಳಿಗೆ ಕೇಡಿನ ವರ್ಷ ಎಂದೇ ನಾನು ತಿಳಿದಿದ್ದೇನೆ. ಆ ವರ್ಷ ಹೋಟಗಿಯಿಂದ ಗದಗಿಗೆ ಹೋಗುವ ರೈಲು ಬಾಗಲಕೋಟೆ, ಬಾದಾಮಿಗಳನ್ನು ಹಾಯ್ದು ಓಡತೊಡಗಿತು. ಅದೇ ವರ್ಷ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯೊಂದು ಹುಟ್ಟಿತು. ಆ ಗಿರಣಿ 1886ರಲ್ಲಿ ಬಿನ್ನಿ ಕಂಪನಿಯ ಕೈಸೇರಿತು. 1884ರಲ್ಲೇ ಮುಂಬಯಿ ಸರಕಾರ ವಿಜಾಪುರ ಜಿಲ್ಲೆಯ ಗ್ಯಾಜೆಟಿಯರ್ ಅಚ್ಚು ಹಾಕಿಸಿತು. ಜಿಲ್ಲೆಯ ಕಚೇರಿ ಆಗಿನ್ನೂ ಕಲಾದಗಿಯಲ್ಲೇ ಇತ್ತು. ಕುರುಬರು ಕಂಬಳಿ ನೇಯುತ್ತಾರೆ ಎಂಬ ಮಾತು ಆ ದಪ್ಪ ಪುಸ್ತಕದೊಳಗೆ ಸೇರಿತು. ಕಸುಬನ್ನು ಕಾಗದಕ್ಕೆ ಇಳಿಸಿದ ಹೊತ್ತಿಗೇ ಅದರ ಸಂತೆಗೆ ಗಿರಣಿ ಮಾಲು ಬರುವ ಹಾದಿಯೂ ತೆರೆಯಿತು. ಧಾತು ಸಂವತ್ಸರದ ಬರ ಇಲ್ಲಿನ ಜನ, ದನ, ಕುರಿ ಎಲ್ಲವನ್ನೂ ಬಳಿದುಕೊಂಡು ಹೋಗಿ ಆಗ ಎಂಟು ವರ್ಷವಷ್ಟೇ ಆಗಿತ್ತು.

ನಾನು ಹುನಗುಂದ ತಾಲೂಕಿನ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು, ಹಾಲುಮತದ ಮನೆಯವನು. ನಾನು ಕಲಿಸಿದ ಪಾಠಗಳಲ್ಲಿ ಬಾದಾಮಿ ಎಂದರೆ ಮಂಗಳೇಶ, 578ರ ಶಾಸನವಿರುವ ಮೂರನೆಯ ಗುಹೆ. ಇಳಕಲ್ಲ ಎಂದರೆ ಟೋಪ ತೆನಿ ಸೆರಗಿನ ಸೀರೆ. ಕಂಬಳಿಗೆ ಅಲ್ಲಿ ಒಂದು ಸಾಲೂ ಇರಲಿಲ್ಲ. ಹಳೆಯ ಸರಕಾರಿ ಬರಹಗಳಲ್ಲಿ ಹುಡುಕಿದವರಿಗೂ ಸಿಗುವುದು ಕಡಿಮೆ. ಪೇಶ್ವೆಯ ಆಳಿಕೆ 1818ರಲ್ಲಿ ಮುಗಿದ ಮೇಲೆ ಥಾಮಸ್ ಮಾರ್ಷಲ್ ಎಂಬ ಅಧಿಕಾರಿ ಬಾಗಲಕೋಟೆ, ಬಾದಾಮಿ, ಹುನಗುಂದ ಪರಗಣೆಗಳನ್ನೂ ಸೇರಿಸಿ ಬರೆದ ವರದಿ 1822ರಲ್ಲಿ ಮುಂಬಯಿಯಲ್ಲಿ ಅಚ್ಚಾಗಿದೆ. ಅಂಥ ವರದಿ ಬರೆಸಿದ ಸರಕಾರಕ್ಕೆ ಬೇಕಾಗಿದ್ದು ಕಂದಾಯದ ಲೆಕ್ಕ. ಒಂದು ಕೈ ಇನ್ನೊಂದು ಕೈಗೆ ಕಸುಬನ್ನು ಹೇಗೆ ದಾಟಿಸುತ್ತದೆ ಎಂಬುದು ಯಾವ ಸರಕಾರದ ಪುಸ್ತಕಕ್ಕೂ ಬೇಕಾಗಲಿಲ್ಲ. ಅದನ್ನು ನಾನು ಕಂಡದ್ದು ಮನೆಯಲ್ಲಿ, ಮುತ್ಯಾನ ಮಗ್ಗದ ಪಕ್ಕದಲ್ಲಿ.

ನಮ್ಮಲ್ಲಿ ಮದುವೆಯ ಹೊತ್ತಿಗೆ ಉಣ್ಣೆಯ ಕಂಕಣ ಕಟ್ಟುವವರು ಒಂದು ಬಳಿ, ಹತ್ತಿಯ ಕಂಕಣ ಕಟ್ಟುವವರು ಇನ್ನೊಂದು ಬಳಿ. ನಾವು ಉಣ್ಣೆ ಕಂಕಣದವರು. ಕುರಿಯನ್ನು ಹಳ್ಳದಲ್ಲಿ ಮೈತೊಳೆದು, ಒಣಗಿಸಿ, ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಿದ್ದರು. ಮಕ್ಕಳಿಗೆ ಮೊದಲ ಪಾಠ ಆಗ. ಉಣ್ಣೆಯ ರಾಶಿಯ ಮುಂದೆ ಕೂಡಿಸಿ, ಅದರೊಳಗಿನ ಮುಳ್ಳು, ಹುಲ್ಲು, ಹಿಕ್ಕೆ ಆರಿಸಲು ಹಚ್ಚುತ್ತಿದ್ದರು. ಬೇಸರದ ಕೆಲಸ. ಆದರೆ ಆರಿಸುತ್ತ ಆರಿಸುತ್ತ ಬೆರಳಿಗೆ ಉಣ್ಣೆಯ ಗುರುತು ಹತ್ತುತ್ತಿತ್ತು: ಮರಿಯ ಮೊದಲ ಉಣ್ಣೆ ಮೆತ್ತಗೆ, ಅಚ್ಚ ಕಪ್ಪು, ವಯಸ್ಸಾದ ಕುರಿಯದು ಒರಟು, ಬಿಸಿಲಿಗೆ ಕೆಂಚಗಾದದ್ದು. ಕಣ್ಣು ಮುಚ್ಚಿ ಮುಟ್ಟಿ ಇದು ಯಾವುದು ಎಂದು ಹೇಳಬಲ್ಲವನಿಗೇ ಮುತ್ಯಾ ಮುಂದಿನ ಕೆಲಸ ಕೊಡುತ್ತಿದ್ದ.

ಮುಂದಿನದು ಬಿಲ್ಲು. ನರದ ಹೆದೆಯನ್ನು ಉಣ್ಣೆಯ ಮೇಲೆ ಮಿಡಿದು, ಗಂಟುಗಟ್ಟಿದ್ದನ್ನು ಬಿಡಿಸಿ ಅರಳಿಸುವುದು. ಆಮೇಲೆ ನೂಲು. ಹೆಣ್ಣುಮಕ್ಕಳು ಮನೆಯಲ್ಲಿ ರಾಟಿ ತಿರುವುತ್ತಿದ್ದರು, ಗಂಡಸರು ಕುರಿಯ ಹಿಂದೆ ನಡೆಯುತ್ತಲೇ ಕದಿರು ತಿರುವುತ್ತಿದ್ದರು. ನೂಲಿನ ಹಾಸನ್ನು ಓಣಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು ಅರೆದು ಕುದಿಸಿದ ಸರಿಯನ್ನು ದೊಡ್ಡ ಕುಂಚದಿಂದ ಬಳಿಯುತ್ತಿದ್ದರು. ಸರಿ ತೆಳ್ಳಗಾದರೆ ನೂಲು ಮಗ್ಗದಲ್ಲಿ ಹರಿಯುತ್ತದೆ, ಗಟ್ಟಿಯಾದರೆ ಅಂಟಿಕೊಳ್ಳುತ್ತದೆ. ಆ ಹದವನ್ನು ಯಾರೂ ಬಾಯಿಮಾತಲ್ಲಿ ಕಲಿಸಲಿಲ್ಲ. ಬೆರಳು ಅದ್ದಿ ನೋಡಿಯೇ ಕಲಿಯಬೇಕು. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂಡುವ ಹಕ್ಕು ಬರುತ್ತಿದ್ದುದು ಇಷ್ಟೆಲ್ಲ ಆದ ಮೇಲೆ, ಮೀಸೆ ಚಿಗುರುವ ವಯಸ್ಸಿಗೆ. ನನ್ನನ್ನು ಅಷ್ಟರೊಳಗೆ ಊರ ಸಾಲಿ ಎಳೆದುಕೊಂಡಿತ್ತು.

ಈಗ ನಗರಗಳಲ್ಲಿ ಉಣ್ಣೆಯ ಕೈಕಸುಬಿನ ಕಾರ್ಯಾಗಾರಗಳು ನಡೆಯುತ್ತವೆ. ಬೆಂಗಳೂರಿನಲ್ಲಿ ಓದುವ ನನ್ನ ತಂಗಿಯ ಮೊಮ್ಮಗಳು ಅಂಥದೊಂದರಲ್ಲಿ ಫೆಲ್ಟ್ ಮಾಡಲು ಕಲಿತು, ಬನಶಂಕರಿ ಜಾತ್ರೆಗೆ ಬಂದಾಗ ನಮಗೆ ಮಾಡಿ ತೋರಿಸಿದಳು. ಇದರಲ್ಲಿ ನೂಲಿಲ್ಲ, ಮಗ್ಗವಿಲ್ಲ. ಅರಳಿಸಿದ ಉಣ್ಣೆಯನ್ನು ಪದರು ಪದರಾಗಿ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಹಾಸಿ, ಬಿಸಿನೀರು ಸಾಬೂನು ಚಿಮುಕಿಸಿ ಉಜ್ಜುತ್ತಾರೆ. ಚಾಪೆಯಲ್ಲಿ ಸುತ್ತಿ ಹೊರಳಾಡಿಸುತ್ತಾರೆ. ಉಣ್ಣೆಯ ಎಳೆಯ ಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿವೆ. ನೀರು, ಬಿಸಿ, ಉಜ್ಜಾಟ ಮೂರೂ ಸೇರಿದಾಗ ಎಳೆಗಳು ಒಂದರೊಳಗೊಂದು ಹೊಕ್ಕು ಮತ್ತೆ ಹಿಂದೆ ಸರಿಯಲಾರವು. ಹಾಸು ಕುಗ್ಗಿ ಗಟ್ಟಿಯಾಗುತ್ತದೆ. ನಾವೆಲ್ಲ ಬೆರಗಾಗಿ ನೋಡಿದೆವು. ಎಂಬತ್ತು ದಾಟಿದ ನನ್ನ ಅಕ್ಕ ಮಾತ್ರ ಒಂದು ಎಳೆ ಹಿರಿದು ಬೆರಳಲ್ಲಿ ಹೊಸೆದು ಕೇಳಿದಳು: “ಇದು ಯಾವ ಕುರಿದಬೇ ಯವ್ವಾ?”

ಪೊಟ್ಟಣದ ಮೇಲೆ ಮೆರಿನೊ ಎಂದಿತ್ತು. ಕಡಲಾಚೆಯ ಕುರಿ.

ಅಟ್ಟದ ಮೇಲಿದ್ದ ನಮ್ಮ ದಖ್ಖನಿ ಕುರಿಯ ಕರಿ ಉಣ್ಣೆಯಲ್ಲಿ ಅದನ್ನೇ ಮಾಡಿದಾಗ ಬೇಗ ಹಿಡಿಯಲಿಲ್ಲ. ಒರಟು ಕೂದಲು ಬೆರೆತ ಉಣ್ಣೆ ನಿಧಾನ. “ಮರಿ ಉಣ್ಣಿ ಹಾಕು, ಇನ್ನೊಮ್ಮೆ ಬಿಲ್ಲಿಗೆ ಹಚ್ಚು, ಕೈ ಬ್ಯಾಡ, ಕಾಲಿಲೆ ತುಳಿ” ಎಂದಳು ಅಕ್ಕ. ಹಾಗೇ ಮಾಡಿದ ಮೇಲೆ ಹಿಡಿಯಿತು. ಮೆರಿನೊದಷ್ಟು ನುಣುಪಲ್ಲ, ಆದರೆ ನೆಲಕ್ಕೆ ಹಾಸಲು ತಕ್ಕ ಗಟ್ಟಿ ಹಾಸು. ಅಕ್ಕ ಎಂದೂ ಫೆಲ್ಟ್ ಮಾಡಿದವಳಲ್ಲ. ಆದರೂ ಅವಳಿಗೆ ಅದು ಹೊಸತಾಗಿರಲಿಲ್ಲ. ಹೊಸ ಕಂಬಳಿ ಬಿರುಸಾಗಿ ಮೈಗೆ ಚುಚ್ಚುತ್ತದೆ. ಕುರಿಗಾರ ಅದನ್ನು ಕೊಪ್ಪೆ ಮಾಡಿ ಹೊದ್ದು ನಾಲ್ಕಾರು ಮಳೆಗಾಲ ನೆನೆದು, ಹಾಸಿ, ಮಲಗಿ, ತುಳಿದ ಮೇಲೆ ಎಳೆಗಳು ಕೂಡಿಕೊಂಡು ನೇಯ್ಗೆಯ ಸಂದು ಮುಚ್ಚಿಹೋಗುತ್ತವೆ. ಆಮೇಲೆ ಅದಕ್ಕೆ ಮಳೆ ಸುಲಭಕ್ಕೆ ಇಳಿಯದು. ನಮ್ಮ ಹಳೆಯ ಕಂಬಳಿ ಅರ್ಧ ಮಗ್ಗದ್ದು, ಅರ್ಧ ಮಳೆಯದು ಎಂದು ನಾನು ಹೇಳುವುದು ಇದಕ್ಕೇ.

ಫೆಲ್ಟ್ ಹಳೆಯ ವಿದ್ಯೆಯೇ. ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಗೋರಿಗಳ ಹಿಮದೊಳಗೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಫೆಲ್ಟ್ ಕೆಡದೆ ಸಿಕ್ಕಿದೆ. ಕಾಶ್ಮೀರ, ಕಚ್ಛಗಳಲ್ಲಿ ನಮದಾ ಎಂಬ ಹಾಸನ್ನು ಈಗಲೂ ಮಾಡುತ್ತಾರೆ. ಕಿರ್ಗಿಜ್ ಜನರ ಫೆಲ್ಟ್ ಹಾಸುಗಳನ್ನು ತುರ್ತಾಗಿ ಉಳಿಸಬೇಕಾದ ಪರಂಪರೆ ಎಂದು ಯುನೆಸ್ಕೊ 2012ರಲ್ಲಿ ಪಟ್ಟಿಗೆ ಸೇರಿಸಿತು. ನಮ್ಮ ಕರಿ ಕಂಬಳಿಯೂ ಅಷ್ಟೇ ಕಾಳಜಿಗೆ ಅರ್ಹವಾದದ್ದು.

ಕೆಡುಕು ಗಿರಣಿಯಿಂದ ಮಾತ್ರ ಬಂದಿದ್ದಲ್ಲ. ಹಳೆಯ ಉಣ್ಣೆಬಟ್ಟೆ ಚಿಂದಿ ಮಾಡಿ ಪಾಣಿಪತ್ತಿನಲ್ಲಿ ತಯಾರಿಸುವ ಅಗ್ಗದ ಹೊದಿಕೆ ಸಂತೆಗೆ ಬಂತು. ಆಲಮಟ್ಟಿಯ ಹಿನ್ನೀರು ನದಿದಂಡೆಯ ಮೇವಿನ ನೆಲವನ್ನು ನುಂಗಿತು. ಎಲ್ಲಕ್ಕಿಂತ ಒಳಗಿನ ಬದಲಾವಣೆ ಕುರಿಯದು. ಅಮೀನಗಡದ ಕುರಿಸಂತೆಗೆ ಹೋಗಿ ನೋಡಿರಿ. ಅಲ್ಲಿ ಬೆಲೆ ಕಟ್ಟುವುದು ಮಾಂಸಕ್ಕೆ. ಎತ್ತರದ ನಿಲುವಿನ, ಉಣ್ಣೆ ಕಡಿಮೆ ಇರುವ ಎಳಗ ಕುರಿ ಬಾಗಲಕೋಟೆ ಸೀಮೆಯಲ್ಲಿ ಹೆಚ್ಚಿದ್ದು ಅದಕ್ಕೇ. ಕರಿ ಉಣ್ಣೆಯ ಕುರಿ ಸಾಕಿದವನು ಕತ್ತರಿಸುವವರಿಗೆ ಕೂಲಿ ಕೊಟ್ಟು, ಉಣ್ಣೆಯನ್ನು ಕೊಳ್ಳುವವರಿಲ್ಲದೆ ಹೊಲದ ಬದುವಿಗೆ ಚೆಲ್ಲುತ್ತಾನೆ. ಕುರಿಗಾರನನ್ನು ನಾನು ದೂರುವುದಿಲ್ಲ. ಅವನಿಗೂ ಮಕ್ಕಳ ಫೀ ಕಟ್ಟುವುದಿದೆ.

ಇಳಕಲ್ಲ ಸೀರೆಗೆ ಇದೇ ರೈಲು, ಇದೇ ಗಿರಣಿಯ ಪೆಟ್ಟು ಬಿತ್ತು. ಆದರೂ ಅದು ನಿಂತಿತು. ಹಳ್ಳಿಯ ಹೆಣ್ಣುಮಗಳು ಉಡುವುದನ್ನು ಬಿಡಲಿಲ್ಲ, ಪೇಟೆಯ ಹೆಣ್ಣುಮಗಳು ಹೊಸದಾಗಿ ಉಡತೊಡಗಿದಳು, ಸಾವುಕಾರರ ಬಂಡವಾಳ ಇತ್ತು. ಕಂಬಳಿಗೆ ಉಳಿದದ್ದು ದೈವದ ಕೆಲಸವಷ್ಟೇ. ಬೀರಪ್ಪನ ಗದ್ದಿಗೆಗೆ ಕಂಬಳಿಯೇ ಆಗಬೇಕು. ಮೈಲಾರಲಿಂಗನ ಗೊರವಯ್ಯ ಕರಿ ಕಂಬಳಿಯನ್ನೇ ತೊಡಬೇಕು. ಅವು ಇರುವವರೆಗೆ ಒಂದಷ್ಟು ಮಗ್ಗ ನಡೆದಾವು. ಆದರೆ ಹಬ್ಬಕ್ಕೊಂದು ಕಂಬಳಿ ನೇಯ್ದು ನೇಕಾರನ ಹೊಟ್ಟೆ ತುಂಬುವುದಿಲ್ಲ.

ಕಾರ್ಯಾಗಾರ ಬೇಡ ಎನ್ನುವವನು ನಾನಲ್ಲ. ಆ ಹುಡುಗಿ ಉಣ್ಣೆ ಮುಟ್ಟದೆ ಇದ್ದಿದ್ದರೆ ನಮ್ಮ ಅಟ್ಟದ ಮೂಟೆ ಇಳಿಯುತ್ತಲೇ ಇರಲಿಲ್ಲ. ನನ್ನ ತಕರಾರು ಒಂದೇ: ಪಾಠ ಪೊಟ್ಟಣದಿಂದ ಶುರುವಾಗುತ್ತದೆ, ಕುರಿಯಿಂದಲ್ಲ. ಫೆಲ್ಟಿಗೆ ಮಗ್ಗ ಬೇಡ, ನೂಲುವ ಕೈ ಬೇಡ. ಬದುವಿಗೆ ಚೆಲ್ಲುವ ಉಣ್ಣೆಯೇ ಸಾಕು. ಅದನ್ನು ಕಲಿಸಲು ಬಾಗಲಕೋಟೆ, ಬಾದಾಮಿ, ಹುನಗುಂದಗಳಿಗಿಂತ ತಕ್ಕ ಜಾಗ ಯಾವುದಿದೆ?

ಅದಕ್ಕೇ ಕಲಿಸುವವರಲ್ಲೂ ಕಲಿಯುವವರಲ್ಲೂ ನನ್ನ ಬೇಡಿಕೆ ಇದು. ಉಣ್ಣೆ ಕತ್ತರಿಸುವ ಕಾಲ ಕೇಳಿಕೊಂಡು ನಮ್ಮ ಹಳ್ಳಿಗಳಿಗೆ ಬನ್ನಿ. ಮೊದಲ ದಿನ ಮುಳ್ಳು ಆರಿಸಲು ಕೂಡಿರಿ. ಉಣ್ಣೆಯನ್ನು ಕುರಿಗಾರನಿಂದಲೇ, ಅವನು ಹೇಳಿದ ಬೆಲೆಗೆ ಕೊಳ್ಳಿರಿ. ಬಿಲ್ಲು ಹಿಡಿಯಬಲ್ಲ ಮುದುಕರು, ರಾಟಿ ತಿರುವಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರನ್ನು ಫೋಟೊಕ್ಕೆ ಕೂಡಿಸಬೇಡಿ, ಗುರುಗಳೆಂದು ಕೂಡಿಸಿ, ಗುರುಗಳಿಗೆ ಕೊಡುವಷ್ಟು ಸಂಭಾವನೆ ಕೊಡಿ. ಇದನ್ನು ಈ ಹಂಗಾಮಿಗೇ ಮಾಡಿ. ಅವರಿಗೆಲ್ಲ ವಯಸ್ಸಾಗಿದೆ.