ಗಣಿ ಮುಚ್ಚಿತು, ಆಟ ಉಳಿಯಿತು

ಕೆನಡಾದ ಮ್ಯಾನಿಟೋಬಾ ಪ್ರಾಂತದ ಉತ್ತರ ಭಾಗದಲ್ಲಿ ಫ್ಲಿನ್ ಫ್ಲಾನ್ ಎಂಬ ಪುಟ್ಟ ಪಟ್ಟಣವಿದೆ. ಪ್ರಾಂತದ ರಾಜಧಾನಿ ವಿನಿಪೆಗ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 750 ಕಿಲೋಮೀಟರ್. ಊರಿನ ಜೂನಿಯರ್ ಐಸ್ ಹಾಕಿ ತಂಡ ‘ಬಾಂಬರ್ಸ್’ ಪ್ಲೇಆಫ್ ಪಂದ್ಯ ಗೆದ್ದಾಗ ಪ್ರೇಕ್ಷಕರ ನಡುವಿನಿಂದ ಹಿಮದ ಅಂಕಣಕ್ಕೆ ಒಂದು ವಿಚಿತ್ರ ವಸ್ತು ಬಂದು ಬೀಳುತ್ತದೆ: ಮೂಸ್ ಪ್ರಾಣಿಯ ಕಾಲು! ಮೂಸ್ ಎಂದರೆ ಆ ಕಡೆಯ ಕಾಡುಗಳಲ್ಲಿರುವ ಭಾರಿ ಗಾತ್ರದ ಜಿಂಕೆ. ಬೇಟೆಗಾರರ ನಾಡಿನ ಈ ಪದ್ಧತಿ ಹೊರಗಿನವರಿಗೆ ಅಸಹ್ಯವೆನಿಸಬಹುದು. ಊರಿನವರಿಗೆ ಮಾತ್ರ ಅದು ಗೆಲುವಿನ ಸಂಭ್ರಮ.

ಇಲ್ಲಿನ ಇಂದಿನ ಜನಸಂಖ್ಯೆ ಸುಮಾರು 5 ಸಾವಿರ. ನಮ್ಮ ಒಂದು ಹೋಬಳಿ ಕೇಂದ್ರದಷ್ಟಿರುವ ಈ ಊರು ಕೆನಡಾದ ಜೂನಿಯರ್ ಹಾಕಿಯ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದಿದೆ. ಮುಂದೊಂದು ದಿನ ಆ ತಂಡವನ್ನೇ ಕಳೆದುಕೊಂಡು ಮತ್ತೆ ಕಟ್ಟಿಕೊಂಡಿದೆ. ಆ ಕಥೆ ಆರಂಭವಾಗುವುದು ಆಟದ ಅಂಕಣದಲ್ಲಲ್ಲ, ನೆಲದಡಿಯ ಗಣಿಯಲ್ಲಿ.

ಕಾದಂಬರಿಯಿಂದ ಬಂದ ಹೆಸರು

ಟಾಮ್ ಕ್ರೈಟನ್ ಎಂಬಾತ ಮತ್ತು ಅವನ ಜೊತೆಗಾರರು 1915ರ ಸುಮಾರಿಗೆ ಇಲ್ಲಿ ತಾಮ್ರ ಮತ್ತು ಸತುವಿನ ಅದಿರನ್ನು ಪತ್ತೆಹಚ್ಚಿದರು. ಕಾಡಿನ ಅಲೆದಾಟದಲ್ಲಿ ಅವರು ಓದಿದ್ದ, 1905ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಕಾದಂಬರಿಯ ನಾಯಕನ ಹೆಸರು ಜೋಸೈಯಾ ಫ್ಲಿಂಟಬ್ಯಾಟಿ ಫ್ಲೊನಾಟಿನ್. ತಳವೇ ಇಲ್ಲದ ಸರೋವರಕ್ಕೆ ಜಲಾಂತರ್ಗಾಮಿಯಲ್ಲಿ ಇಳಿದು ಚಿನ್ನದ ಲೋಕವನ್ನು ಕಾಣುವ ಸಾಹಸಿ ಅವನು. ಅದಿರು ಸಿಕ್ಕ ಜಾಗಕ್ಕೆ ಅವನದೇ ಹೆಸರನ್ನು ಮೊಟಕು ಮಾಡಿ ಇಟ್ಟರು. 1927ರ ಕೊನೆಯಲ್ಲಿ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಹುಟ್ಟಿತು. ಮರುವರ್ಷ ರೈಲು ಬಂತು.

ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲೆ. ನೆಲ ಅಗೆಯಲಾಗದೆ ನೀರಿನ ಮತ್ತು ಒಳಚರಂಡಿಯ ಕೊಳವೆಗಳನ್ನು ಮರದ ಪೆಟ್ಟಿಗೆಗಳೊಳಗಿಟ್ಟು ನೆಲದ ಮೇಲೆಯೇ ಹಾಯಿಸಿದರು. ಚಳಿಗಾಲ ದೀರ್ಘ, ಮನರಂಜನೆ ಕಡಿಮೆ. ಕೆರೆಗಳೆಲ್ಲ ತಿಂಗಳುಗಟ್ಟಲೆ ಹೆಪ್ಪುಗಟ್ಟುವ ಇಂಥ ಊರಿನಲ್ಲಿ ಹಾಕಿ ಬೇರೂರಿದ್ದು ಸಹಜ. ಬಾಂಬರ್ಸ್ ತಂಡ ತನ್ನ ಹುಟ್ಟನ್ನು 1927ರಿಂದಲೇ ಎಣಿಸುತ್ತದೆ. ಗಣಿ ಮತ್ತು ತಂಡ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

ನಮ್ಮ ಹಾಕಿಗೂ ಈ ಆಟಕ್ಕೂ ಹೆಸರಿನ ನಂಟಿದೆ, ರೀತಿ ಬೇರೆ. ಇಲ್ಲಿ ಗೋಲ್‌ಕೀಪರ್ ಸೇರಿ ಆರು ಮಂದಿ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ‘ಪಕ್’ ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯುತ್ತಾರೆ. ಜೂನಿಯರ್ ಎಂದರೆ ಬಹುಮಟ್ಟಿಗೆ 16ರಿಂದ 20 ವರ್ಷದ ಹುಡುಗರು. ಹೆಚ್ಚಿನವರು ಬೇರೆ ಊರುಗಳಿಂದ ಬಂದು, ಸ್ಥಳೀಯ ಕುಟುಂಬಗಳ ಮನೆಯಲ್ಲಿ ಉಳಿದು ಆಡುತ್ತಾರೆ. ಎರಡು ಮೂರು ವರ್ಷಗಳಲ್ಲಿ ಊರು ಬಿಡುತ್ತಾರೆ. ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಪ್ರೇಕ್ಷಕರು ಮಾತ್ರ ಅವರೇ.

ಅವರನ್ನು ಊರಿಗೆ ಸೆಳೆಯಲು ಫ್ಲಿನ್ ಫ್ಲಾನ್ ಬಳಿ ಇದ್ದ ಆಸ್ತಿ ಗಣಿ. ಕಂಪನಿ ಆಟಗಾರರಿಗೆ ಕೆಲಸ ಕೊಡುತ್ತಿತ್ತು. ಅಭ್ಯಾಸಕ್ಕೆ ಮತ್ತು ಪಂದ್ಯಗಳಿಗೆ ಬಿಡುವನ್ನೂ ಕೊಡುತ್ತಿತ್ತು. 1957ರಲ್ಲಿ ಇದರ ಫಲ ದೊರೆಯಿತು. ಪಕ್ಕದ ಸಸ್ಕ್ಯಾಚವಾನ್ ಪ್ರಾಂತದ ಲೀಗ್‌ನಲ್ಲಿ ಆಡುತ್ತಿದ್ದ ಬಾಂಬರ್ಸ್, ರಾಷ್ಟ್ರಮಟ್ಟದ ಮೆಮೋರಿಯಲ್ ಕಪ್ ಫೈನಲ್ ತಲುಪಿತು. ಎದುರಾಳಿ ಒಟ್ಟಾವಾ-ಹಲ್ ಕೆನಡಿಯನ್ಸ್. ಅದರ ಬೆನ್ನಿಗೆ ವೃತ್ತಿಪರ ಹಾಕಿಯ ದೈತ್ಯ ಮಾಂಟ್ರಿಯಲ್ ಕೆನಡಿಯನ್ಸ್ ಸಂಸ್ಥೆಯಿತ್ತು. ಸರಣಿ ಏಳನೇ ಪಂದ್ಯದವರೆಗೂ ಎಳೆಯಿತು. ಟೆಡ್ ಹ್ಯಾಂಪ್ಸನ್ ನಾಯಕತ್ವದ ಗಣಿ ಊರಿನ ಹುಡುಗರು 4-3ರಿಂದ ಸರಣಿ ಗೆದ್ದರು.

ಸಕ್ಕರೆ ಕಾಯಿಲೆಯ ಹುಡುಗ

ಆ ತಂಡದಲ್ಲಿ ಆಡಿದ್ದ ಪ್ಯಾಟ್ ಗಿನೆಲ್ 60ರ ದಶಕದಲ್ಲಿ ತರಬೇತುದಾರನಾಗಿ ಮರಳಿ ಬಂದರು. ಅವರ ಕೈಗೆ ಸಿಕ್ಕವನು ಅದೇ ಊರಿನ ಗಣಿ ಕಾರ್ಮಿಕನೊಬ್ಬನ ಮಗ, 1949ರಲ್ಲಿ ಹುಟ್ಟಿದ ಬಾಬಿ ಕ್ಲಾರ್ಕ್. ಹರೆಯಕ್ಕೆ ಕಾಲಿಡುವ ಹೊತ್ತಿಗೇ ಅವನಿಗೆ ಸಕ್ಕರೆ ಕಾಯಿಲೆ ಬಂದಿತ್ತು. 1967-68ರ ಋತುವಿನ 59 ಪಂದ್ಯಗಳಲ್ಲಿ ಅವನು ಗಳಿಸಿದ್ದು 168 ಅಂಕ. ಗೋಲು ಹೊಡೆದರೂ, ಗೋಲಿಗೆ ನೆರವಾದರೂ ಆಟಗಾರನಿಗೆ ಒಂದೊಂದು ಅಂಕ. ಅವನ ಜೊತೆಗಾರ, ಆದಿವಾಸಿ ಒಜಿಬ್ವೆ ಸಮುದಾಯದ ರೆಜ್ಜಿ ಲೀಚ್ ಅದೇ ಋತುವಿನಲ್ಲಿ 87 ಗೋಲು ಬಾರಿಸಿದ.

ಇಷ್ಟಾದರೂ ವೃತ್ತಿಪರ ತಂಡಗಳು ಕ್ಲಾರ್ಕ್‌ನ ಕಾಯಿಲೆಗೆ ಹೆದರಿದವು. ಗಿನೆಲ್ ಅವನನ್ನು ಅಮೆರಿಕದ ಪ್ರಸಿದ್ಧ ಮೇಯೋ ಕ್ಲಿನಿಕ್‌ಗೆ ಕರೆದೊಯ್ದು, ‘ಆಟಕ್ಕೆ ಅಡ್ಡಿಯಿಲ್ಲ’ ಎಂದು ವೈದ್ಯರಿಂದ ಬರೆಸಿಕೊಂಡು ಬಂದರು. 1969ರ ಆಯ್ಕೆಯಲ್ಲಿ 16 ಆಟಗಾರರ ಹೆಸರು ಕೂಗಿ ಮುಗಿದ ಮೇಲೆ, ಮೊದಲ ಸುತ್ತಿನಲ್ಲಿ ಅವನನ್ನು ಕೈಬಿಟ್ಟಿದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ಎರಡನೇ ಸುತ್ತಿನಲ್ಲಿ ಆರಿಸಿಕೊಂಡಿತು. ಅವನ ನಾಯಕತ್ವದಲ್ಲಿ ಫ್ಲೈಯರ್ಸ್ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರು ಬಾರಿ ಅವನಿಗೆ ಸಂದಿತು. ಸಕ್ಕರೆ ಕಾಯಿಲೆಯ ಮಕ್ಕಳ ತಂದೆತಾಯಿಗೆ ಅದೊಂದು ಭರವಸೆಯಾಯಿತು.

ತಂಡ ಹೋಯಿತು, ಹೆಸರು ನಿಂತಿತು

ಬಾಂಬರ್ಸ್ 1969 ಮತ್ತು 1970ರಲ್ಲಿ ಪಶ್ಚಿಮ ಕೆನಡಾದ ಪ್ರಮುಖ ಲೀಗ್‌ನಲ್ಲಿ ಚಾಂಪಿಯನ್ ಆಗಿತ್ತು. ಆದರೆ ಆ ಲೀಗ್‌ನ ಉಳಿದ ತಂಡಗಳು ದೊಡ್ಡ ನಗರಗಳವು. ಬಸ್ಸಿನಲ್ಲಿ ನೂರಾರು ಕಿಲೋಮೀಟರ್ ಪಯಣ, ಸಣ್ಣ ಊರಿನ ಸಣ್ಣ ಟಿಕೆಟ್ ಹಣ, ಲೆಕ್ಕ ಕೂಡಿಬರಲಿಲ್ಲ. 1978ರಲ್ಲಿ ತಂಡ ಎಡ್ಮಂಟನ್ ನಗರಕ್ಕೆ ಸ್ಥಳಾಂತರಗೊಂಡಿತು.

ಅನೇಕ ಊರುಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಫ್ಲಿನ್ ಫ್ಲಾನ್ ‘ಬಾಂಬರ್ಸ್’ ಹೆಸರನ್ನು ಬಿಟ್ಟುಕೊಡಲಿಲ್ಲ. ಅದೇ ಹೆಸರಿನ ತಂಡ 1984ರಲ್ಲಿ ಒಂದು ಮೆಟ್ಟಿಲು ಕೆಳಗಿನ ಸಸ್ಕ್ಯಾಚವಾನ್ ಜೂನಿಯರ್ ಲೀಗ್ ಸೇರಿತು. 1993ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ದೊಡ್ಡ ಲೀಗ್ ಬೇಕೆಂಬ ಹಟ ಬಿಟ್ಟಿದ್ದರಿಂದಲೇ ಆಟ ಊರಿನಲ್ಲಿ ಉಳಿಯಿತು ಎನ್ನಬೇಕು.

ಅಷ್ಟರಲ್ಲಿ ನೆಲದಡಿಯ ಅದಿರು ಕರಗುತ್ತಿತ್ತು. ಒಂದು ಕಾಲಕ್ಕೆ 10 ಸಾವಿರದಷ್ಟಿದ್ದ ಜನಸಂಖ್ಯೆ ಅರ್ಧಕ್ಕಿಳಿಯಿತು. 2010ರಲ್ಲಿ ತಾಮ್ರದ ಕುಲುಮೆ ಆರಿತು. ಊರಿನಲ್ಲಿ ಉಳಿದಿದ್ದ ‘777’ ಎಂಬ ಗಣಿ 2022ರ ಜೂನ್‌ನಲ್ಲಿ ಮುಚ್ಚಿತು. ಅದೇ ವರ್ಷದ ವಸಂತದಲ್ಲಿ ಬಾಂಬರ್ಸ್ ಲೀಗ್‌ನ ಫೈನಲ್ ತಲುಪಿ ಎಸ್ಟಿವಾನ್ ತಂಡಕ್ಕೆ ಸೋತಿತು. 2025ರ ಮೇ ಕೊನೆಯಲ್ಲಿ ಕಾಡ್ಗಿಚ್ಚು ಹತ್ತಿರ ಬಂದು ಇಡೀ ಊರನ್ನೇ ತೆರವು ಮಾಡಬೇಕಾಯಿತು. ಜೂನ್ ಕೊನೆಗೆ ಜನ ಮನೆಗಳಿಗೆ ಮರಳಿದರು.

ಆಟ ಒಂದೇ ಊರನ್ನು ಸಾಕಲಾರದು. ಗಣಿ ಕೊಟ್ಟಂತೆ ಅದು ಸಂಬಳ ಕೊಡದು. ಆದರೆ ಗಣಿ ಕಂಪನಿಯ ಪಾಳಿಗಳು ಬೇರೆಯಾಗಿದ್ದರೂ ಇಡೀ ಊರು ಒಟ್ಟಿಗೆ ಕೂರುತ್ತಿದ್ದ ಜಾಗ ಹಾಕಿ ಅಂಕಣ. ಅದರ ಹೆಸರು ವಿಟ್ನಿ ಫೋರಂ. ಗಣಿಗೆ ಆರಂಭದಲ್ಲಿ ಬಂಡವಾಳ ಹೂಡಿದ ಅಮೆರಿಕದ ವಿಟ್ನಿ ಕುಟುಂಬದ ಹೆಸರದು. ಆ ಕುಟುಂಬ ಹಣ ಹೂಡಿದ ಗಣಿ ಇಂದಿಲ್ಲ. ಅದರ ಹೆಸರು ಮಾತ್ರ ಆಟದ ಮನೆಯ ಮೇಲೆ ಉಳಿದಿದೆ.