ಶಾಲೆಯ ಹಿಂದಿನ ಗುಡ್ಡ

ನಮ್ಮ ಶಾಲೆಯಲ್ಲಿ ಓದಿದವರೆಲ್ಲ ವನಮಹೋತ್ಸವದ ದಿನ ಹಿಂದಿನ ಗುಡ್ಡ ಹತ್ತಿದವರೇ. ಎಂಟನೇ ತರಗತಿಯಲ್ಲಿ ನಾವು ನೆಟ್ಟ ಗಿಡ ಒಣಗಿತು. ಒಂಬತ್ತರಲ್ಲಿ ಅದೇ ಗುಂಡಿಗೆ ಇನ್ನೊಂದು ಇಟ್ಟೆವು, ಹತ್ತರಲ್ಲಿ ಮತ್ತೊಂದು. ಗುಂಡಿ ತೋಡುವ ಕೆಲಸ ತಪ್ಪಿತೆಂದು ಆಗ ನಮಗೆ ಖುಷಿಯೇ.

ಗುಡ್ಡ ಮೊದಲಿನಿಂದ ಬೋಳಲ್ಲ. ದಿಂಡಿಗ, ಮುತ್ತುಗ, ಕಗ್ಗಲಿ ತುಂಬಿತ್ತೆಂದು ನಮ್ಮ ತಾತ ಹೇಳುತ್ತಿದ್ದರು. ನೇಗಿಲಿಗೆ ಮರ, ಹೊಲಕ್ಕೆ ಸೊಪ್ಪು, ಒಲೆಗೆ ಸೌದೆ ಎಲ್ಲವೂ ಅಲ್ಲಿಂದಲೇ. ಕೊಡಲಿ, ಮೇಕೆ, ಬೇಸಿಗೆಯ ಬೆಂಕಿ ಸೇರಿ ಕಾಡು ಕುರುಚಲಾಯಿತು. ಆಮೇಲೆ ಅದನ್ನು ಎಲ್ಲರೂ 'ಖಾಲಿ ಜಾಗ' ಎನ್ನತೊಡಗಿದರು.

ಖಾಲಿ ಎನಿಸಿದ ಕಡೆಗೆಲ್ಲ ನೀಲಗಿರಿ ಬಂತು. 2007ರವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಇದ್ದ ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ಇದನ್ನು ಬೆಳೆಸಿದ. ಅಲ್ಲಿಯ ತಳಿಯೇ 'ಮೈಸೂರು ಗಮ್' ಎಂದು ದೇಶಕ್ಕೆಲ್ಲ ಹರಡಿತು. ಹೊಲಗಳಿಗೆ ಅದು ನುಗ್ಗಿದ್ದು ಸಾಮಾಜಿಕ ಅರಣ್ಯದ ಕಾಲದಲ್ಲಿ, 1980ರ ಆಸುಪಾಸು. ರೈತರನ್ನು ದೂರುವಂತಿಲ್ಲ. ಮಳೆ ನಂಬಿ ರಾಗಿ ಹಾಕುವುದಕ್ಕಿಂತ ಆಳು ಬೇಡದ, ಮೇಕೆ ಮುಟ್ಟದ ಮರ ವಾಸಿ ಅನ್ನಿಸಿತು. ನಮ್ಮದೂ ಒಂದೂವರೆ ಎಕರೆ ಹೋಯಿತು, ನನ್ನ ಬಿ.ಇ. ಮೊದಲ ವರ್ಷದ ಫೀಸು ಆ ಕಟಾವಿನ ದುಡ್ಡೇ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ನಮ್ಮೂರ ಬೋರ್‌ವೆಲ್ ಸಾವಿರ ಅಡಿ ದಾಟಿತ್ತು. (ಅದಕ್ಕೆ ನೀಲಗಿರಿಯೊಂದೇ ಕಾರಣವಲ್ಲ, ಪೈಪೋಟಿಯ ಮೇಲೆ ಕೊರೆಸಿದ ನಾವೂ ಹೌದು.)

ಈಗ ಸುವರ್ಣ ಮಹೋತ್ಸವದ ನೆನಪಿಗೆ ಗುಡ್ಡದಲ್ಲಿ ಗಿಡ ನೆಡೋಣವೆಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮಾತಾಗಿದೆ. ನನ್ನದೊಂದು ತಕರಾರಿದೆ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ. ಹಾಗಾಗಿ ಮಳೆ ಒಮ್ಮೆಲೇ ಸುರಿದು ಆಮೇಲೆ ವಾರಗಟ್ಟಲೆ ಕೈಕೊಡುವುದು ಹೆಚ್ಚುತ್ತಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುತ್ತಿಕೊಂಡ ಸಸಿ ಆ ಬಿಡುವನ್ನು ತಾಳುವುದು ಕಷ್ಟ. ಕಡಿದ ಮುತ್ತುಗದ ಬೇರಾದರೋ ಬಂಡೆ ಸಂದಿಯಲ್ಲಿ ಆಗಲೇ ಆಳಕ್ಕಿಳಿದಿದೆ, ಪ್ರತಿವರ್ಷ ಚಿಗುರುತ್ತದೆ. ಆ ಚಿಗುರನ್ನು ಬೆಂಕಿ ಸುಡುತ್ತದೆ, ಇಲ್ಲವೇ ಮೇಕೆ ಮೇಯುತ್ತದೆ.

ಆದ್ದರಿಂದ ಸಂಗ್ರಹವಾದ ಹಣದಲ್ಲಿ ಮೊದಲು ಬೆಂಕಿರೇಖೆ ಮಾಡಿಸೋಣ, ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಾಲು ಹಾಕಿಸೋಣ. ಗುಡ್ಡದ ಒಂದು ಭಾಗಕ್ಕೆ ನಾಲ್ಕೈದು ವರ್ಷ ಮೇಕೆ ಬಿಡುವುದು ಬೇಡ. ಯಾವ ಭಾಗವೆಂದು ಮೇಕೆ ಸಾಕುವವರೇ ಹೇಳಲಿ, ಅವರಿಗೆ ಮೇವಿನ ದಾರಿಯೂ ಆಗಬೇಕು. ಸಸಿ ನೆಡುವುದು ಆಮೇಲೆ, ಬೇರೇ ಉಳಿಯದ ಕಡೆ ಮಾತ್ರ.

ಕಳೆದ ಯುಗಾದಿಗೆ ಊರಿಗೆ ಬಂದಾಗ ಗುಡ್ಡ ಹತ್ತಿದ್ದೆ. ನಮ್ಮ ಹಳೆಯ ಗುಂಡಿಗಳು ಹಾಗೇ ಇವೆ. ಅವುಗಳ ಮೇಲಿನ ದೊಡ್ಡ ಬಂಡೆಯ ಹಿಂದೆ, ಬೆಂಕಿ ತಲುಪದ ಕಡೆ, ಆಳೆತ್ತರದ ಮುತ್ತುಗ ಹೂ ಬಿಟ್ಟಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ.