ಚರಣಾಯುಧವೂ ಬಸುರಿಯ ಬಯಕೆಯೂ

ಸಂಸ್ಕೃತದಲ್ಲಿ ಕೋಳಿಗೆ ‘ಚರಣಾಯುಧ’ವೆಂದು ಒಂದು ಹೆಸರುಂಟು. ಕಾಲನ್ನೇ ಆಯುಧವಾಗಿ ಉಳ್ಳದ್ದು ಎಂದರ್ಥ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯ ಅನ್ನಪಾನಗಳ ಗುಣವನ್ನು ಹೇಳುವಂಥದು. ಅಲ್ಲಿ ಈ ಚರಣಾಯುಧದ ಮಾಂಸ ಸ್ನಿಗ್ಧ, ಉಷ್ಣ, ಬಲಕಾರಿ, ವಾತಹರ ಎಂದಿದೆ. ಅದನ್ನು ಮೊದಲು ಓದಿದಾಗ ನನಗೆ ನೆನಪಾದವಳು ನಮ್ಮಜ್ಜಿ.

ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಅಕ್ಕ ಚೊಚ್ಚಲ ಬಸುರಿಯಾಗಿದ್ದಳು, ನಾನಿನ್ನೂ ಹುಡುಗ. ರಕ್ತ ಸಾಲದೆಂದು ಡಾಕ್ಟರರು ಹೇಳಿದ್ದರು, ಮುಖ ಬಿಳಿಚಿಕೊಂಡಿತ್ತು. ಒಂದು ದಿನ ಅವಳು ಕೋಳಿಸಾರಿಗೆ ಆಸೆಪಟ್ಟಳು. ‘ಉಷ್ಣ ಕಣವ್ವಾ, ಬ್ಯಾಡ’ ಎಂದು ಅಜ್ಜಿ ತಟ್ಟೆಯನ್ನು ಸರಿಸಿದಳು. ಹೆರಿಗೆಯಾದ ಕೆಲವು ದಿನಗಳಿಗೆ ಅದೇ ಅಜ್ಜಿ ನಾಟಿಕೋಳಿ ಕೊಯ್ಯಿಸಿ, ಮೆಣಸು ಅರೆದು, ಬಾಣಂತಿಗೆ ಸಾರು ಕುಡಿಸಿದಳು! ಅಜ್ಜಿ ಚರಕನನ್ನು ಓದಿದವಳಲ್ಲ. ಆದರೂ ಅವನ ಒಂದು ಶ್ಲೋಕವನ್ನು ಎರಡಾಗಿ ಸೀಳಿ, ‘ಉಷ್ಣ’ವನ್ನು ಬಸುರಿಗೂ ‘ಬಲ’ವನ್ನು ಬಾಣಂತಿಗೂ ಹಂಚಿದಂತಿತ್ತು.

ಸುಶ್ರುತನಾದರೋ ಬಯಕೆಯ ಪಕ್ಷಪಾತಿ. ನಾಲ್ಕನೆಯ ತಿಂಗಳಲ್ಲಿ ಗರ್ಭಿಣಿ ಎರಡು ಹೃದಯದವಳಾಗುತ್ತಾಳೆ. ಅವಳ ಬಯಕೆ ತೀರದಿದ್ದರೆ ಮಗುವಿಗೆ ಊನ ಎಂಬುದು ಅವನ ಮತ. ಕೌಜುಗದ ಮಾಂಸವನ್ನು ಬಯಸಿದವಳ ಮಗು ಅಂಜುಬುರುಕನಾಗುವನಂತೆ! ಇಂದು ನಗು ಬರುವ ಮಾತು ನಿಜ. ಆದರೆ ಬಸುರಿಯ ಮುಂದಿನ ತಟ್ಟೆಯನ್ನು ಸರಿಸುವ ಮಾತಲ್ಲ.

ನಿಜವಾದ ಆಪತ್ತು ಕೋಳಿಯ ಉಷ್ಣದಲ್ಲಿರಲಿಲ್ಲ. 1885ರಲ್ಲಿ ಅಮೆರಿಕೆಯ ಪಶುವೈದ್ಯ ಡೇನಿಯಲ್ ಸಾಲ್ಮನ್ನನ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್ ಹಂದಿಗಳಲ್ಲಿ ಒಂದು ಸೂಕ್ಷ್ಮಾಣುವನ್ನು ಕಂಡನು. ದುಡಿದವನು ಸ್ಮಿತ್, ಅಣುವಿಗೆ ಉಳಿದದ್ದು ಮೇಲಧಿಕಾರಿಯ ಹೆಸರು, ‘ಸಾಲ್ಮೊನೆಲ್ಲಾ’. 1888ರಲ್ಲಿ ಜರ್ಮನಿಯ ಆಗಸ್ಟ್ ಗೆರ್ಟ್ನರ್, ರೋಗದ ಹಸುವಿನ ಮಾಂಸದಲ್ಲಿಯೂ ಅದನ್ನು ತಿಂದು ಸತ್ತವನ ದೇಹದಲ್ಲಿಯೂ ಇದೇ ಕುಲದ ಅಣುವನ್ನು ಕಂಡನು. ಕೋಳಿಯ ಕರುಳಿನಲ್ಲಿ, ಕೋಳಿಗೆ ಏನೂ ಆಗದಂತೆ, ಇದು ಬದುಕಬಲ್ಲದು. 1926ರಲ್ಲಿ ಕೇಂಬ್ರಿಜ್ಜಿನಲ್ಲಿ ಮೊಲಗಳ ಸಾವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ‘ಲಿಸ್ಟೀರಿಯಾ’. ತಾಯಿಗೆ ಸಣ್ಣ ಜ್ವರವನ್ನಷ್ಟೇ ತಂದು ಗರ್ಭದ ಕೂಸನ್ನು ಕೊಲ್ಲಬಲ್ಲ ಕಪಟಿ ಅದು.

ಎರಡಕ್ಕೂ ಮದ್ದು ಬೆಂಕಿಯೇ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇವು ಉಳಿಯುವುದಿಲ್ಲ. ಎಲುಬಿನಿಂದ ಮಾಂಸ ಬಿಡುವವರೆಗೆ ಕುದಿಸುತ್ತಿದ್ದ ಅಜ್ಜಿಯ ಸಾರು ಆ ಪರೀಕ್ಷೆಯಲ್ಲಿ ಎಂದೋ ತೇರ್ಗಡೆಯಾಗಿತ್ತು. ತಪ್ಪುತ್ತಿದ್ದುದು ಬೇರೆ ಕಡೆ: ಹಸಿಮಾಂಸವನ್ನು ತೊಳೆವಾಗ ಸಿಡಿವ ನೀರಿನಲ್ಲಿ, ಅದನ್ನು ಕೊಯ್ದ ಈಳಿಗೆಯಲ್ಲೇ ಸೌತೆಕಾಯಿ ಹೆಚ್ಚುವುದರಲ್ಲಿ. ಚೆನ್ನಾಗಿ ಬೆಂದ ಕೋಳಿ ಬಸುರಿಗೂ ಮೊಲೆಯೂಡುವ ತಾಯಿಗೂ ಹಿತವೇ. 6 ತಿಂಗಳು ತುಂಬಿದ ಕೂಸಿಗೆ ಎಲುಬು ತೆಗೆದು, ನುಣ್ಣಗೆ ಮಸೆದು, ಖಾರವಿಲ್ಲದೆ ಕೊಟ್ಟರೆ ರಕ್ತಕ್ಕೆ ಬೇಕಾದ ಕಬ್ಬಿಣವೂ ಒದಗುತ್ತದೆ.

ಕಳೆದ ವರ್ಷ ಅಕ್ಕನ ಆ ಚೊಚ್ಚಲ ಮಗಳೇ ಬಸುರಿಯಾಗಿ ತವರಿಗೆ ಬಂದು ಕೋಳಿಸಾರು ಬೇಡಿದಳು. ಅಕ್ಕ ಸಾರು ಕೊತಕೊತ ಕುದಿಯುವವರೆಗೂ ಒಲೆಯ ಮುಂದೆ ನಿಂತಿದ್ದು, ತಾನೇ ಬಡಿಸಿದಳು.